ಅಕ್ಕವ್ವ ಮೇಲೆ ನೋಡಲಿಲ್ಲ

೨ ಡಿಸೆಂಬರ್ ೧೯೬೧, ಶನಿವಾರ. ಹತ್ತರಗಿ

ಇದನ್ನು ಬರೆಯದೆ ಬಿಡುವವಳಿದ್ದೆ. ಶಾಲೆ, ಬಸ್ಸು, ಒಗೆದ ಸೀರೆ — ಅಷ್ಟು ಬರೆದು ಪುಟ ಮುಗಿಸಬಹುದಿತ್ತು. ಆದರೆ ಬರೆಯದಿದ್ದರೆ ನಾನು ನೋಡಿಯೇ ಇಲ್ಲವೆಂದು ನಾಳೆ ನನಗೇ ಅನ್ನಿಸಿಬಿಡುತ್ತದೆ.

ಅರ್ಧ ದಿನದ ಶಾಲೆ. ಹುಕ್ಕೇರಿಯಿಂದ ಊಟದ ಹೊತ್ತಿಗೆ ಮನೆ. ಏಳನೆಯ ಇಯತ್ತೆಯ ಇಂಗ್ಲಿಷ್ ಪೇಪರು ತಿದ್ದಲು ಹರಡಿಕೊಂಡು ಕೂತಿದ್ದೆ. ಆಗ ಬಂತು ವಿಮಾನ. ಮೊದಲು ಬೆಳಗಾವಿಯ ಸಾಂಬ್ರಾ ನಿಲ್ದಾಣದಿಂದ ಏಳುತ್ತಿದ್ದವು ಚಿಕ್ಕವು, ಕಲಿಯುವ ಹುಡುಗರು ಹಾರಿಸುವಂಥವು, ಹೊಲಿಗೆ ಯಂತ್ರದಷ್ಟೇ ಸದ್ದು. ಕೆಲವು ದಿನಗಳಿಂದ ಬರುತ್ತಿರುವವು ಬೇರೆ. ಪುಣೆಯ ಕಡೆಯಿಂದ, ದೊಡ್ಡ ರಸ್ತೆಯ ನೆತ್ತಿಯ ಮೇಲೆಯೇ, ತೀರ ಕೆಳಗೆ. ಇವತ್ತಿನದು ಇದುವರೆಗೆ ಕಂಡದ್ದರಲ್ಲೆಲ್ಲ ದೊಡ್ಡದು. ಅದರ ನೆರಳು ಅಂಗಳ ದಾಟುವಾಗ ಎತ್ತುಗಳು ಹಗ್ಗ ಜಗ್ಗಿದವು.

ಎಲ್ಲರೂ ಹೊರಗೆ. ತಮ್ಮ ಅಪ್ಪಣ್ಣ, ಅವನ ಹೆಂಡತಿ ಕಾಶೆವ್ವ, ಬಾಜೂ ಮನೆಯ ಲಗಮವ್ವ. ಲಗಮವ್ವ ಸೆರಗನ್ನು ಕಿವಿಗೆ ಒತ್ತಿಕೊಂಡು ಚೀರಿದಳು: “ಎಮ್ಮಿ ಹಾಲ ಬಿಡವಲ್ದು! ಗೋವಾ ತಗೊಳ್ಳಾಕ ನಮ್ಮ ಎಮ್ಮೀನ ಯಾಕ ಅಂಜಸ್ತಾರಿವರು?”

“ಎಮ್ಮಿ ನಿನ್ನ ಧ್ವನಿಗೆ ಅಂಜೇತಿ, ವಿಮಾನಕ್ಕಲ್ಲ,” ಎಂದ ಅಪ್ಪಣ್ಣ.

ನಾನು ಬಾಗಿಲಲ್ಲೇ ಇದ್ದೆ. ಒಳಗೆ ಅವನ ಮಗಳು ಅಕ್ಕವ್ವ ಗೋಡೆಗೆ ಮುಖ ಮಾಡಿ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಹತ್ತೊಂಬತ್ತರ ಹುಡುಗಿ. ಮನೆಯ ಹೆಂಚು ಹೆಂಚೂ ಗಡಗಡ ಅನ್ನುತ್ತಿದೆ, ಆಕೆ ತಲೆ ಎತ್ತಲಿಲ್ಲ. ಹಲಗೆಯ ಮೇಲಿನ ಹಿತ್ತಾಳೆ ತಾಟುಗಳು ಅಲುಗಿದ್ದು ಕಣ್ಣಿಗೆ ಬಿತ್ತೇನೋ, ಅತ್ತ ತಿರುಗಿ ಗದರಿದಳು — “ಹಛ್! ಇಳೀತಿಯಿಲ್ಲೋ ಕೆಳಗ!”

ಬೆಕ್ಕಿಗೆ. ಅಲ್ಲಿ ಬೆಕ್ಕಿರಲಿಲ್ಲ.

೪ ಡಿಸೆಂಬರ್, ಸೋಮವಾರ

ರಸ್ತೆಯ ತುಂಬ ಮಿಲಿಟರಿ ಲಾರಿ. ಬಸ್ಸು ತಡ. ಪ್ರಾರ್ಥನೆ ತಪ್ಪಿತು.

ಸಂಜೆ ಒಂದು ಕೆಲಸ ಮಾಡಿದೆ. ಮೆಚ್ಚುವಂಥದ್ದಲ್ಲ. ಅಕ್ಕವ್ವ ಹಾಸಿಗೆ ಮಡಚುತ್ತಿದ್ದಾಗ ಹಿಂದೆ ನಿಂತು ಕರೆದೆ. ಮೆಲ್ಲಗೆ. ಆಮೇಲೆ ಜೋರಾಗಿ. ಆಮೇಲೆ ಇಂಗ್ಲಿಷಿನಲ್ಲಿ, ಏನೇನೋ. ಉತ್ತರವಿಲ್ಲ. ಮುಂದೆ ಹೋಗಿ ಪಿಸುಗುಟ್ಟಿದೆ — “ಚಹಾ ಮಾಡ್ತೀಯೇನ?”

“ಮಾಡ್ತೇನ್ರಿ ಅತ್ತಿ, ಶುಂಠಿ ಹಾಕಲೇನ್ರಿ?”

ಶುಂಠಿ ಹಾಕಿಯೇ ತಂದಳು. ಇಲಿಗೆ ಬೋನು ಇಡುವಂತೆ ಇಟ್ಟೆನಲ್ಲ.

ಈಗ ಒಂದೊಂದೇ ತಿಳಿಯುತ್ತಿದೆ. ಕಾಶೆವ್ವ ಮಗಳ ತೋಳು ಮುಟ್ಟದೆ ಮಾತು ಶುರುಮಾಡುವುದಿಲ್ಲ. ಎಷ್ಟು ಅಕ್ಕರೆ ಎಂದುಕೊಂಡಿದ್ದೆ. ಮಗಳನ್ನು ಒಬ್ಬಳನ್ನೇ ರಸ್ತೆ ದಾಟಲು ಬಿಡುವುದಿಲ್ಲ. ಎಂಥ ಶಿಸ್ತು ಎಂದುಕೊಂಡಿದ್ದೆ. ಯಜಮಾನರು ತೀರಿಕೊಂಡ ಮೇಲೆ ನಾನು ತಮ್ಮನ ಮನೆಗೆ ಬಂದು ನಾಲ್ಕು ವರ್ಷ. ದಿನವೂ ಮೂವತ್ತು ಹುಡುಗಿಯರ ಮುಖ ನೋಡಿ ಯಾರಿಗೆ ತಿಳಿಯಿತು, ಯಾರಿಗಿಲ್ಲ ಎಂದು ಹೇಳುವವಳು ನಾನು.

೬ ಡಿಸೆಂಬರ್, ಬುಧವಾರ

ಹಿತ್ತಲಲ್ಲಿ ಕಾಶೆವ್ವನನ್ನು ಮಗಳ ಕಿವಿಯ ಬಗ್ಗೆ ಕೇಳಿದೆ. ಕುಳ್ಳು ತಟ್ಟುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

“ಗೊತ್ತೈತ್ರಿ ಅಕ್ಕಾರ. ಹೋದ ವರ್ಷದ ಹಿಂದಿನ ವರ್ಷ ಜ್ವರ ಬಂದಿತ್ತಲ್ಲ, ಅವಾಗಿಂದ. ಮೊದಲ ಒಂದ ಕಿವಿ. ಈಗ ಎರಡೂ.”

“ಅಪ್ಪಣ್ಣಗ?”

“ಅವರಿಗೆ ಗೊತ್ತಿಲ್ಲಂತ ಅವರು ಅಂತಾರ.”

ಇನ್ನೊಂದು ಕುಳ್ಳು ತಟ್ಟಿದಳು. ಆಮೇಲೆ ಸೆಗಣಿ ಕೈಯಲ್ಲೇ ನನ್ನ ಸೆರಗು ಹಿಡಿದಳು. “ರವಿವಾರ ಮೂಡಲಗಿಯವರು ಬರ್ತಾರ. ಹುಡುಗ ಸೊಸಾಯಟ್ಯಾಗ ಕ್ಲಾರ್ಕ್ ಅದಾನ, ಚಟಾ ಇಲ್ಲ. ಇಂಥಾ ಮನಿ ಮತ್ತ ಸಿಗಂಗಿಲ್ಲರಿ. ಬಾಯಿ ಬಿಡಬ್ಯಾಡ್ರಿ ಅಕ್ಕಾರ. ಲಗ್ನಾ ಒಂದ ಆಗಿಹೋಗ್ಲಿ.”

ಆಗಿಹೋದ ಮೇಲೆ? ಒಲೆಯ ಮೇಲೆ ಹಾಲು, ಹಿಂದಿನಿಂದ ಅತ್ತೆ ಕೂಗುತ್ತಾಳೆ. ಒಂದು ಸಲ ಮೈಗಳ್ಳಿ ಅನ್ನುತ್ತಾರೆ. ಎರಡನೆಯ ಸಲ ಸೊಕ್ಕು ಅನ್ನುತ್ತಾರೆ. ಮೂರನೆಯ ಸಲ ತಿಳಿದುಬಿಡುತ್ತದೆ — ಟ್ರಂಕಿನ ಸಮೇತ ಬಸ್ಸು ಹತ್ತಿಸಿ ಕಳಿಸುತ್ತಾರೆ. ಕಳಿಸದಿದ್ದರೂ... ತೊಟ್ಟಿಲಲ್ಲಿ ಕೂಸು ಅಳುತ್ತದೆ...

ಏನೂ ಹೇಳದೆ ಒಳಗೆ ಬಂದೆ. ಅದನ್ನು ಅವಳು ಒಪ್ಪಿಗೆ ಎಂದುಕೊಂಡಿರಬೇಕು.

೧೦ ಡಿಸೆಂಬರ್, ರವಿವಾರ

ಬಂದು ಹೋದರು. ಹುಡುಗ ಶಿದ್ರಾಮ, ಅವನ ತಾಯಿ ಮರೆವ್ವ, ಸೋದರಮಾವ. ಚುರಮರಿ ಸೂಸಲ, ಚಹಾ. ಕಾಶೆವ್ವ ಮಗಳನ್ನು ಬೆಳಕಿಗೆ ಎದುರಾಗಿ, ಬೀಗರ ಮುಖ ನೇರ ಕಾಣುವಂತೆ ಕೂಡಿಸಿದ್ದಳು. ಯಾರಿಗೂ ಗೊತ್ತಾಗದಂತೆ ಚಾಪೆಯನ್ನು ಎರಡು ಸಲ ಸರಿಸಿದ್ದು ನಾನು ಮಾತ್ರ ನೋಡಿದೆ.

ಮರೆವ್ವ ಒಳ್ಳೆಯ ಹೆಂಗಸು. ಅದೇ ಕಷ್ಟ. ಬಾಯಿ ಜೋರು, ಕಣ್ಣು ಮೃದು. ಏನೋ ಕೇಳಲು ಬಾಯಿ ತೆರೆದಳು, ಆಗಲೇ ಜೆಟ್ಟು — ಎರಡು, ಒಂದರ ಬೆನ್ನಿಗೆ ಒಂದು, ಆಕಾಶವನ್ನೇ ಹರಿದುಕೊಂಡು ಹೋದ ಹಾಗೆ. ಮಾವ ಚಹಾ ಚೆಲ್ಲಿದರು. ಅಪ್ಪಣ್ಣ ಕಿವಿ ಮುಚ್ಚಿಕೊಂಡ. ಮರೆವ್ವ ಶುರು ಮಾಡಿದ ಮಾತು ನಿಲ್ಲಿಸುವ ಜಾತಿಯಲ್ಲ. ತುಟಿ ಆಡುತ್ತಲೇ ಇದ್ದವು, ಒಂದಕ್ಷರ ಯಾರಿಗೂ ಕೇಳಲಿಲ್ಲ.

ಸದ್ದು ಹೋಯಿತು. “ಏನ ಕೇಳಿದ್ನಿ ಅಂದ್ರ—” ಎಂದು ಆಕೆ ಮತ್ತೆ ಶುರು ಮಾಡುವಷ್ಟರಲ್ಲಿ ಅಕ್ಕವ್ವ ಹೇಳಿದಳು: “ಕೈಲೆ ಬಡೀತೇನ್ರಿ. ರೊಟ್ಟಿ ಲಟ್ಟಸಾಕ ನಮ್ಮವ್ವ ಬಿಟ್ಟಿಲ್ಲ.”

ಮರೆವ್ವ ಬಾಯಿ ತೆರೆದೇ ಉಳಿದಳು. “ಅಯ್ಯ ನಮ್ಮವ್ವಾ! ನಾ ಆಡಿದ್ದು ನನಗ ಕೇಳ್ಲಿಲ್ಲ, ಈಕಿಗೆ ಕೇಳೇತಿ! ಎಂಥಾ ಕಿವಿ ಕೊಟ್ಟಾನ ದೇವರು!”

ಶಿದ್ರಾಮ ಮೊದಲ ಸಲ ನಕ್ಕ. “ಇನ್ನ ಮನ್ಯಾಗ ಗುಸುಗುಸು ಮಾತ ಬಂದ್ ಮಾಡಬೇಕವಾ ನಾವು.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಅಕ್ಕವ್ವ ಎಲ್ಲರ ಮುಖ ನೋಡಿದಳು, ಏನು ಹೇಳಿದರೆಂದು ತಿಳಿಯಿತು, ನಗಲಿಲ್ಲ. ತಾಟು ಎತ್ತಿಕೊಂಡು ಎದ್ದಳು.

ಸಕ್ಕರೆ ಹಂಚಿ ನಿಶ್ಚಯ ಮಾಡಿಯೇ ಹೋದರು. ಸಂಕ್ರಮಣದ ನಂತರ ಲಗ್ನ. ಬಾಯಿ ಬಿಡದಿರುವುದು ಬೇರೆ, ನಗುವುದು ಬೇರೆ. ಇವತ್ತು ಎರಡನೆಯದನ್ನೂ ಮಾಡಿದೆ.

೧೮ ಡಿಸೆಂಬರ್, ಸೋಮವಾರ

ವಾರದಿಂದ ಬರೆದಿಲ್ಲ. ಬೆಳಗಿನಿಂದ ಬಿಡುವಿಲ್ಲದೆ ಹಾರುತ್ತಿವೆ. ಹೋಗುವಾಗ ಭಾರ, ಬರುವಾಗ ಹಗುರ ಎಂದು ಚಪರಾಸಿ ಹೇಳುತ್ತಾನೆ. ನನಗೆ ಎರಡೂ ಒಂದೇ. ಶಾಲೆಯ ಒಂದು ಕಿಟಕಿಯ ಗಾಜು ಸೀಳಿತು. ಹುಡುಗಿಯರು ಮೊದಲು ಚಪ್ಪಾಳೆ, ಆಮೇಲೆ ಹೆದರಿಕೆ, ಆಮೇಲೆ ಬೇಸರ. ಪಾಠ ಮಾಡಿದರೂ ಕೇಳುವುದಿಲ್ಲ. ಹೆಡ್ ಮಿಸ್ಟ್ರೆಸ್ ಶಾಲೆ ಬಿಡಿಸಿದರು.

ರೇಡಿಯೋದಲ್ಲಿ ಗೋವಾ. ನನ್ನ ತಲೆಯಲ್ಲಿ ಮೂಡಲಗಿ.

೨೦ ಡಿಸೆಂಬರ್, ಬುಧವಾರ

ಗೋವಾದ್ದು ಮುಗಿಯಿತಂತೆ. ಚಾವಡಿಯಲ್ಲಿ ಪೇಢೆ ಹಂಚಿದರು. ಆಕಾಶ ಖಾಲಿ. ಲಗಮವ್ವನ ಎಮ್ಮೆ ಹಾಲು ಬಿಟ್ಟಿತು, ಅದನ್ನೂ ಊರಿಗೆಲ್ಲ ಸಾರಿದಳು.

ಹಿಂಬದಿಯ ಮಾಳಿಗೆಯ ಮೇಲೆ ಮೆಣಸಿನಕಾಯಿ ಹರವುತ್ತಿದ್ದ ಅಕ್ಕವ್ವ ನನ್ನನ್ನು ನೋಡಿ ಕೇಳಿದಳು: “ಇನ್ನ ಬರಂಗಿಲ್ಲೇನ್ರಿ ವಿಮಾನ?”

“ದೊಡ್ಡವು ಬರಲಿಕ್ಕಿಲ್ಲ. ಯಾಕ?”

“ಅವು ಬಂದಾಗ ಎಲ್ಲಾರೂ ನನ್ನಂಗ ಆಕ್ಕಾರ್ರಿ. ಬಾಯಿ ನೋಡ್ತಾರ, ಕೈ ಮಾಡ್ತಾರ, ಒಂದ ಮಾತ ಎರಡ ಸಲ ಕೇಳ್ತಾರ. ಅಷ್ಟೊತ್ತು ನನಗ ಆರಾಮ ಇರ್ತಿತ್ತು.”

ಕೂತು ನಾನೂ ಮೆಣಸಿನಕಾಯಿ ಹರವತೊಡಗಿದೆ.

“ಅವತ್ತ ನೀವು ಹಿಂದ ನಿಂತು ಕರದ್ರಿ. ಗೊತ್ತಾಗಿತ್ತರಿ. ದೀಪ ನಿಮ್ಮ ಹಿಂದಿತ್ತು, ಗ್ವಾಡಿ ಮ್ಯಾಲ ನೆರಳ ಬಿದ್ದಿತ್ತು. ಗಲ್ಲಾ ಆಡತಿತ್ತು.” ಮೆಣಸಿನಕಾಯಿ ಮಗುಚಿದಳು. “ನೆರಳಿನ ಮಾತ ಓದಾಕ ಬರಂಗಿಲ್ಲ ಅತ್ತಿ.”

ಕ್ಷಮಿಸು ಎಂದೆ. ಅವಳ ಮುಖಕ್ಕೆ ಮುಖ ಕೊಟ್ಟು ಎಂದೆ.

೨೩ ಡಿಸೆಂಬರ್, ಶನಿವಾರ. ಗೋಕಾಕ

ಕಾಶೆವ್ವನಿಗೆ ಲಗ್ನದ ಸೀರೆ ಎಂದು ಹೇಳಿ ಅಕ್ಕವ್ವನನ್ನು ಕರೆದುಕೊಂಡು ಬಂದೆ. ಸೀರೆಯನ್ನೂ ಕೊಂಡೆವು, ಆದ್ದರಿಂದ ಸುಳ್ಳು ಅರ್ಧ.

ಡಾಕ್ಟರು ಕಬ್ಬಿಣದ ಶ್ರುತಿಕವಲು ಬಡಿದು ಕಿವಿಯ ಹತ್ತಿರ ಹಿಡಿದರು, ನೆತ್ತಿಯ ಮೇಲೆ ಇಟ್ಟರು. ನೆತ್ತಿಯಲ್ಲಿ ಗುಂಯ್ ಅಂತ ತಿಳಿಯಿತಂತೆ. ನನಗೆ ಇಂಗ್ಲಿಷಿನಲ್ಲಿ ಹೇಳತೊಡಗಿದರು: ಜ್ವರದಿಂದ ಆದದ್ದು, ಹೋದದ್ದು ಬರುವುದಿಲ್ಲ, ಉಳಿದದ್ದೂ ಇಷ್ಟೇ ಇರುತ್ತದೆಂದು ಹೇಳಲಾರೆ. ಮಕ್ಕಳಿಗೆ ಬರುವಂಥದ್ದಲ್ಲ. ಅಕ್ಕವ್ವ ನನ್ನ ಮೊಣಕೈ ತಿವಿದಳು. “ಕನ್ನಡದಾಗ ಹೇಳಾಕ ಹೇಳ್ರಿ. ಇಂಗ್ಲಿಷ್ ತುಟಿ ನನಗ ಬರಂಗಿಲ್ಲ.”

ಅವರು ಪಾಪ, ಎಲ್ಲವನ್ನೂ ಮತ್ತೆ ಹೇಳಿದರು. ಆಕೆ ಒಂದೇ ಕೇಳಿದಳು. “ಕೂಸು ಅತ್ತರ?”

ಡಾಕ್ಟರು ನನ್ನ ಕಡೆ ನೋಡಿದರು.

“ಬಾಜೂಕ ಮಲಗಿಸ್ಕೊಂಡ್ರ ಎದಿ ಅಳ್ಳಾಡೋದು ಕೈಗೆ ಹತ್ತತೈತಿ,” ಎಂದು ಆಕೆಯೇ ಅಂದಳು. ಎಷ್ಟು ದಿನದಿಂದ ಯೋಚಿಸಿಟ್ಟಿದ್ದಳೋ.

೨೭ ಡಿಸೆಂಬರ್, ಬುಧವಾರ

ಅಪ್ಪಣ್ಣನಿಗೆ ಹೇಳಿದೆ. ಗೊತ್ತಿಲ್ಲದವನಂತೆ ನಟಿಸುವಷ್ಟು ತ್ರಾಣ ಅವನಲ್ಲಿರಲಿಲ್ಲ.

“ಹೇಳಿದ್ರ ಮುರೀತೈತಿ ಅಕ್ಕಾ.”

“ಹೇಳದಿದ್ರ ಆಮ್ಯಾಲ ಮುರೀತೈತಿ. ಅವಾಗ ಆಕಿ ಅಲ್ಲಿ ಒಬ್ಬಾಕಿನ ಇರ್ತಾಳ.”

“ನಿನಗ ಸಾಲಿ ಕಲಿಸಿದ್ದ ತಪ್ಪಾತು ನಮ್ಮಪ್ಪಂದು. ಎಲ್ಲಾದಕ್ಕೂ ಕರೆಕ್ಟ್ ಉತ್ತರ ಬೇಕು ನಿನಗ.” ಆಮೇಲೆ, ತೀರ ಸಣ್ಣ ಧ್ವನಿಯಲ್ಲಿ — “ನಿನ್ನ ಮಗಳಾಗಿದ್ರ?”

ಮಕ್ಕಳಿಲ್ಲದ ನನಗೆ ಹೊಡೆದಂತಾಯಿತು. ಅವನು ಬೇಕೆಂದೇ ಆಡಿದ ಮಾತಲ್ಲ. ಆದರೆ ಪ್ರಶ್ನೆ ಸರಿಯಾದದ್ದು. ನನ್ನ ಮಗಳಾಗಿದ್ದರೆ ಬಹುಶಃ ನಾನೂ ಚಾಪೆ ಸರಿಸುತ್ತಿದ್ದೆ.

ಬೆಳಗಾವಿಯ ಕಾನ್ವೆಂಟಿನಲ್ಲಿ ಸತ್ಯ ಹೇಳುವುದನ್ನು ಕಲಿಸಿದರು. ಯಾರ ಸತ್ಯವನ್ನು ಯಾರು ಹೇಳಬೇಕೆಂದು ಕಲಿಸಲಿಲ್ಲ. ಆದರೂ ಮರೆವ್ವನಿಗೆ ಒಂದು ಪತ್ರ ಬರೆದೆ. ಸಮಾಧಾನದ, ಅಚ್ಚುಕಟ್ಟಾದ ಪತ್ರ. ಮೊದಲು ಅಕ್ಕವ್ವನಿಗೆ ಓದಲು ಕೊಟ್ಟೆ — ಅಷ್ಟಾದರೂ ಬುದ್ಧಿ ಇತ್ತು. ಪೂರ್ತಿ ಓದಿದಳು. ಎದ್ದು ಹೋಗಿ ಒಲೆಗೆ ಹಾಕಿದಳು.

“ಚಲೋ ಬರದೀರಿ ಅತ್ತಿ. ಆದ್ರ ನನ್ನ ನೋಡಿದ್ರ ಪಾಪ ಅನ್ನಿಸುವಂಗ ಬರದೀರಿ. ಕಿವಿ ನಂದು. ನಾ ಬರೀತೇನಿ. ಅವರವ್ವಗಲ್ಲ, ಅವರಿಗೆ.”

ಲಗ್ನಕ್ಕೆ ಮೊದಲು ಹುಡುಗಿ ಹುಡುಗನಿಗೆ ಪತ್ರ ಬರೆಯುವುದು! ಕಾಶೆವ್ವ ಹಣೆ ಬಡಿದುಕೊಂಡಳು. ಕಿವಿಗಿಂತ ಅದೇ ದೊಡ್ಡ ಕಳಂಕವಾದೀತೇನೋ. ಬೇಡ ಎನ್ನಬೇಕಿತ್ತೇ? ಅನ್ನಲಿಲ್ಲ.

೩೦ ಡಿಸೆಂಬರ್, ಶನಿವಾರ

ಬರೆದಳು. ಮೂರು ದಿನ ಹಿಡಿಯಿತು. ಅರ್ಧ ಪುಟವೂ ಇಲ್ಲ. ನನಗೆ ತೋರಿಸಿದಳು, ಒಂದು ಶಬ್ದವನ್ನೂ ತಿದ್ದಕೂಡದೆಂದು ಹೇಳಿಯೇ ತೋರಿಸಿದಳು.

‘ಆ ದಿವಸ ನಿಮ್ಮ ತಾಯಿಯವರ ಮಾತು ನನಗೆ ಕೇಳಲಿಲ್ಲ. ತುಟಿ ನೋಡಿ ತಿಳಿಯಿತು. ನನಗೆ ಯಾರ ಮಾತೂ ಕೇಳುವುದಿಲ್ಲ, ಹಾಗೇ ತಿಳಿಯುತ್ತದೆ. ನನ್ನ ಕೂಡ ಮಾತಾಡುವವರು ಎದುರಿಗೆ ಬರಬೇಕು. ಕತ್ತಲಾದರೆ ದೀಪ ಬೇಕು. ಇಷ್ಟು ಆಗುವಂತಿದ್ದರೆ ಬರ್ರಿ. ಆಗುವಂತಿಲ್ಲದಿದ್ದರೆ ಈಗ ಹೇಳ್ರಿ, ಆಮೇಲೆ ಬ್ಯಾಡ.’

ಓದುವಾಗ ನಾಲ್ಕು ಕಡೆ ತಿದ್ದಬೇಕೆನಿಸಿತು. ಒಂದು ಕಡೆಯೂ ತಿದ್ದಲಿಲ್ಲ.

ಅಪ್ಪಣ್ಣ ಎರಡು ದಿನದಿಂದ ಹೊಲದಲ್ಲೇ ಉಣ್ಣುತ್ತಾನೆ. ಕಾಶೆವ್ವ ಮಾತು ಬಿಟ್ಟಿದ್ದಾಳೆ, ನನ್ನ ಜೊತೆ. ಮೂಡಲಗಿಯವರು ಬೇಡವೆಂದರೆ ಈ ಮನೆಯಲ್ಲಿ ನನಗೆ ಇನ್ನು ಯಾವ ಮುಖ? ಅದೂ ದೊಡ್ಡದಲ್ಲ. ಆಕೆಗೆ ಏನು ಉಳಿಯುತ್ತದೆ? ಊರಿಗೆಲ್ಲ ತಿಳಿಯುತ್ತದೆ. ಬೇಕೆಂದರೆ? ಬೇಕು ಅನ್ನುವಂಥವನೇ ಆತ? ಒಂದು ಸಲ ನಕ್ಕದ್ದನ್ನು ನೋಡಿದ್ದೇನೆ, ಅಷ್ಟೇ. ಒಂದು ನಗುವಿನ ಮೇಲೆ ಎಷ್ಟು ಭಾರ ಹೇರಬಹುದು...

ಲಕೋಟೆ ನನ್ನ ಶಾಲೆಯ ಚೀಲದಲ್ಲಿದೆ. ಇಲ್ಲಿಯ ಟಪಾಲಿನವ ಅಪ್ಪಣ್ಣನ ಗೆಳೆಯ, ಇಲ್ಲಿ ಹಾಕುವಂತಿಲ್ಲ. ಹುಕ್ಕೇರಿಯಲ್ಲೇ ಹಾಕಬೇಕು.

ಈಗಷ್ಟೇ ಅಕ್ಕವ್ವ ಬಂದು ಕೇಳಿದಳು: “ಎಂದ ಹಾಕ್ತೀರಿ?”

ಬರೆಯುತ್ತಲೇ, ತಲೆ ತಗ್ಗಿಸಿಯೇ ಏನೋ ಅಂದೆ. ನನ್ನ ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು.

“ಹಿಂಗ ನೋಡಿ ಹೇಳ್ರಿ.”

ನೋಡಿ ಹೇಳಿದೆ. ಸೋಮವಾರ. ಜನವರಿ ಒಂದಕ್ಕೆ, ಹುಕ್ಕೇರಿಯಲ್ಲಿ.