ಐದನೇ ಗೇಮ್ ಬಂದರೆ

ಗುರುವಾರ, ಮಧ್ಯಾಹ್ನ

ನನ್ನ ಹಟಮಾರಿ ಅಮ್ಮನಿಗೆ,

ಆಡು. ಕ್ಷೇಮ ಸಮಾಚಾರವೆಲ್ಲ ಆಮೇಲೆ, ಮೊದಲು ಈ ಮಾತು. ಭಾನುವಾರದ ಫೈನಲ್ ಬಿಡಬೇಡ.

ನಿನ್ನ ಪತ್ರ ಬಂದಾಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಗಂಡು ಹೆಣ್ಣೆನ್ನದೆ ಐವತ್ತು ದಾಟಿದವರೆಲ್ಲ ಆಡುವ ಟೇಬಲ್ ಟೆನಿಸ್‌ನಲ್ಲಿ ನೀನು ಫೈನಲ್ ತಲುಪಿದ್ದೀಯ. ಮುಂದಿನ ತಿಂಗಳು ಮಂಡಿಯ ಆಪರೇಷನ್, ಆಮೇಲೆ ಆಟ ಮುಗಿದಂತೆಯೇ. ಡಾಕ್ಟರು ನಾಲ್ಕು ಗೇಮಿಗೆ ಹೂಂ ಅಂದಿದ್ದಾರೆ, ಐದನೆಯದಕ್ಕೆ ಸುತರಾಂ ಒಪ್ಪಿಲ್ಲ. ಎರಡು-ಎರಡು ಆದರೆ ಬ್ಯಾಟ್ ಕೆಳಗಿಟ್ಟು ಬರಬೇಕು, ಅದಕ್ಕಿಂತ ಆಡದಿರೋದೇ ವಾಸಿ ಅಲ್ವೇನೇ ಅಂತ ಕೇಳಿದ್ದೀಯ.

ಅಲ್ಲ. ಪೆನ್ನು ಹಿಡಿದು ಕೂತೆ. ಪ್ರತಿ ಗೇಮಿನಲ್ಲೂ ನೀವಿಬ್ಬರೂ ಸರಿಸಮ ಎಂದಿಟ್ಟುಕೊಂಡೆ. ಮೊದಲು ಮೂರು ಗೇಮ್ ಗೆದ್ದವರಿಗೆ ಪಂದ್ಯ, ಹಾಗಾಗಿ ಅದು ಮೂರಕ್ಕೆ ಮುಗಿಯಬಹುದು, ನಾಲ್ಕಕ್ಕೆ, ಇಲ್ಲವೇ ಐದಕ್ಕೆ. ಈ ಮೂರೂ ಸಾಧ್ಯತೆಗಳ ಸಂಭವನೀಯತೆ ಕೂಡಿದರೆ ಒಂದು ಬರಬೇಕು. ನನ್ನದು ಒಂದೂಕಾಲನ್ನೂ ದಾಟಿತು! ಸಂಖ್ಯಾಶಾಸ್ತ್ರ ಓದುವವಳ ಮಾನ ಹರಾಜಾಯಿತು.

ತಪ್ಪು ಹಿಡಿದವಳು ತಲೆಗೆ ಎಣ್ಣೆ ಮೆತ್ತಿಕೊಂಡು ಕೂತಿದ್ದ ನನ್ನ ರೂಮ್‌ಮೇಟ್. ನಾಲ್ಕು ಗೇಮಿನ ಸಾಲಿನಲ್ಲಿ ನಾನು 'ಗೆಲುವು, ಗೆಲುವು, ಗೆಲುವು, ಸೋಲು' ಎಂದೂ ಬರೆದಿದ್ದೆ. ಮೂರು ಗೆದ್ದಮೇಲೂ ನಿಮ್ಮಮ್ಮ ಇನ್ನೊಂದ್ಯಾಕೆ ಆಡ್ತಾರೆ, ಕೈಕುಲುಕಿ ಮನೆಗೆ ಹೋಗಲ್ವಾ ಅಂತ ಕೇಳಿದಳು. ಬಿದ್ದು ಬಿದ್ದು ನಕ್ಕೆವು. ಪಂದ್ಯ ಗೆಲ್ಲುವವರೇ ಕೊನೆಯ ಗೇಮನ್ನೂ ಗೆಲ್ಲಬೇಕು ಎನ್ನುವುದನ್ನೇ ಮರೆತಿದ್ದೆ.

ತಿದ್ದಿದಮೇಲೆ ಎಷ್ಟು ಚೆಂದ ಕೂತಿತು ನೋಡು. ಇಂಥ ಎಂಟು ಪಂದ್ಯ ಆಡಿದರೆ ಸರಾಸರಿ ಎರಡು ಪಂದ್ಯ ಮೂರೇ ಗೇಮಿಗೆ ಮುಗಿಯುತ್ತವೆ, ಮೂರು ಪಂದ್ಯ ನಾಲ್ಕಕ್ಕೆ, ಉಳಿದ ಮೂರು ಐದಕ್ಕೆ. ಅಂದರೆ ಎಂಟರಲ್ಲಿ ಐದು ಪಾಲು ನಿನ್ನ ಮಂಡಿಯ ಕಡೆಗಿದೆ. ಅದರಲ್ಲಿ ಸೋಲೂ ಸೇರಿದೆ, ಸುಳ್ಳು ಹೇಳಲಾರೆ. ಆದರೆ ಆಡಿ ಸೋತ ಅಮ್ಮನನ್ನು ಸಂಭಾಳಿಸುವುದು ಸುಲಭ. ಆಡದೆ ಕೂತ ಅಮ್ಮ ನಮ್ಮೆಲ್ಲರ ಪ್ರಾಣ ಹಿಂಡುತ್ತಾಳೆ.

ಐದನೆಯದು ಬಂದರೆ ಮಾತ್ರ ಹಟ ಮಾಡದೆ ಬ್ಯಾಟ್ ಇಟ್ಟುಬಿಡು. ನನ್ನಾಣೆ.

ನಿನ್ನ ಬಾಯಿಬಡುಕಿ

ಮರೆತ ಮಾತು: ಮರೆತದ್ದಲ್ಲ, ಬಚ್ಚಿಟ್ಟದ್ದು. ನೀವು ಸರಿಸಮ ಅಲ್ಲ. ಹತ್ತು ಗೇಮಿನಲ್ಲಿ ಆರು ಅವರದೇ ಎಂದು ನನಗೂ ಗೊತ್ತು. ಹಾಗೆ ಲೆಕ್ಕ ಹಾಕಿದರೆ ಐದನೇ ಗೇಮ್ ಇನ್ನೂ ಸ್ವಲ್ಪ ದೂರ ಹೋಗುತ್ತದೆ. ಆದರೆ ಮೇಜಿನ ಆಚೆ ನಿಲ್ಲುವವರು ಅಪ್ಪ. ನೀವಿಬ್ಬರೂ ಬೇರೆಯಾಗಿ ಇಷ್ಟು ವರ್ಷವಾದರೂ, ಒಬ್ಬರಿಗೆ ಹೆಚ್ಚು ಒಬ್ಬರಿಗೆ ಕಮ್ಮಿ ಎಂದು ಬರೆಯಲು ನನಗೆ ಕೈ ಬರಲಿಲ್ಲ.