ನುಚ್ಚಕ್ಕಿ ಡ್ರಮ್ಮಿನ ವಿಷಯ

ಹೆಡತಲೆ
15-7-2004

ಚಿ. ಅರ್ಪಿತಳಿಗೆ ಸೋದರಮಾವನ ಆಶೀರ್ವಾದ.

ಸ್ಪಿರಿಟ್ ತೆಗೆಯಲು ಕಾಕಂಬಿ ಮೇಲೋ ನುಚ್ಚಕ್ಕಿ ಮೇಲೋ ಅಂತ ನಮ್ಮ ತಾಂಡ್ಯದ ಕಾರ್ಖಾನೆಯಲ್ಲಿ ಎರಡು ಡ್ರಮ್ಮಿಟ್ಟು ನೋಡಿದೆಯಲ್ಲ, ನುಚ್ಚಕ್ಕಿಯಿಂದ ಆಗುವುದಿಲ್ಲ ಅಂತ ಸೋಮವಾರ ವರದಿ ಕೊಡುತ್ತೀಯಂತೆ. ಕೊಡಬೇಡ.

ಕಬ್ಬಿನ ಕಾಕಂಬಿ ಮೊದಲೇ ಸಿಹಿ, ಅದಕ್ಕೆ ನೀರು, ಯೀಸ್ಟ್ ಬೆರೆಸಿದರೆ ಮುಗಿಯಿತು. ನುಚ್ಚನ್ನು ಬೇಯಿಸಿ, ಗಂಜಿಯನ್ನು ಸಿಹಿ ಮಾಡಿ, ಆಮೇಲೆ ಯೀಸ್ಟ್ ಹಾಕಬೇಕು. ಅದಕ್ಕೆ ನೀನು ಎರಡು ದಿನ ಒದ್ದಾಡಿದೆ. ನನ್ನ ಸೊಸೆ ಅಕ್ಕಿಯಿಂದ ಸ್ಪಿರಿಟ್ ತೆಗೆಯುತ್ತಾಳೆ ಅಂತ ನಾನು ಚಿಕ್ಕಯ್ಯನಛತ್ರದವರೆಗೂ ಹೇಳಿಕೊಂಡು ಬಂದಿದ್ದೆ. ಅದಕ್ಕೇ ನೀನು ಊಟಕ್ಕೆ ಹೋದಾಗ, "ನಂಜುಂಡೇಶ್ವರ, ನಮ್ ಉಡ್ಗಿ ಮಾನ ಉಳ್ಸಪ್ಪ" ಅಂತ ಮೂರು ವಿಭೂತಿ ಗಟ್ಟಿ ಪುಡಿಮಾಡಿ ಆ ಡ್ರಮ್ಮಿಗೆ ಸುರಿದೆ. ಸಂಜೆಗೆ ಯೀಸ್ಟಿನ ನೊರೆ ಏಳುವುದೇ ನಿಂತುಹೋಯಿತು. ಹುಳಿ ಇದ್ದರೇ ಯೀಸ್ಟ್ ಚುರುಕು, ಬೂದಿ ಹುಳಿಯನ್ನು ಮುರಿಯುತ್ತದೆ ಅಂತ ಲ್ಯಾಬಿನ ಬದರೀನಾರಾಯಣರು ನಿನ್ನೆ ಹೇಳಿದರು. ಇಪ್ಪತ್ತು ವರ್ಷದ ಸರ್ವಿಸಿನಲ್ಲಿ ವಿಭೂತಿಯಿಂದ ಯೀಸ್ಟನ್ನು ಮಲಗಿಸಿದವನು ನಾನೊಬ್ಬನೇ.

ತಪ್ಪು ನಿನ್ನದಲ್ಲ ಅಂತ ಮ್ಯಾನೇಜರಿಗೆ ಬರೆದುಕೊಟ್ಟಿದ್ದೇನೆ. ನುಚ್ಚಕ್ಕಿಯದನ್ನು ಇನ್ನೊಮ್ಮೆ ಮಾಡು. ಡ್ರಮ್ಮಿಟ್ಟ ಕೋಣೆಯ ಬೀಗದ ಕೈ ಮಾತ್ರ ನನ್ನ ಹತ್ತಿರ ಬಿಡಬೇಡ.

ಇತಿ,
ನಿನ್ನ ಮಾವ
ಶಿವಮಲ್ಲಪ್ಪ