ಬೀಗದಜ್ಜಿಯ ಹಳದಿ ಆಕಾಶ

ಪ್ರೀತಿಯ ಚಿಕ್ಕಮ್ಮ,

ಫೋನ್ ಮಾಡಿದಾಗಲೆಲ್ಲ ನನ್ನ ಮಾತು ಮುಗಿಯುವ ಮೊದಲೇ "ಒಲೆ ಮೇಲೆ ಹಾಲಿದೆ ಕಣೇ" ಎಂದು ಇಟ್ಟುಬಿಡುತ್ತೀಯ. ಪ್ರತಿ ಸಲವೂ ಹಾಲೇ. ಒಬ್ಬಳೇ ಇರುವ ಮನೆಯಲ್ಲಿ ಅಷ್ಟು ಹಾಲನ್ನು ಯಾರು ಕುಡಿಯುತ್ತಾರೋ ನನಗಂತೂ ಗೊತ್ತಿಲ್ಲ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಕಾಗದವನ್ನು ಅರ್ಧಕ್ಕೆ ಬಿಟ್ಟರೂ ಅದು ಮೇಜಿನ ಮೇಲೆ ಬಿದ್ದಿರುತ್ತದೆ, ಒಂದಲ್ಲ ಒಂದು ಹೊತ್ತು ಕೈಗೆ ಬರುತ್ತದೆ. ನಿನ್ನ ಹಠ ನನಗೆ ಗೊತ್ತು. ನನ್ನದೂ ನಿನಗೆ ಗೊತ್ತು. "ನಿಮ್ಮಿಬ್ಬರನ್ನ ಒಂದೇ ಅಚ್ಚಲ್ಲಿ ಹೊಯ್ದಿದಾರೆ" ಎಂದು ಅಮ್ಮ ಸುಮ್ಮನೆ ಹೇಳುವುದಿಲ್ಲ.

ವಿಷಯಕ್ಕೆ ಬರುತ್ತೇನೆ. ಬೀಗದಜ್ಜಿಯ ಹಳೆಯ ಕಾಮಿಕ್ಸುಗಳನ್ನೆಲ್ಲ ಸೇರಿಸಿ ನಮ್ಮ ಪ್ರಕಾಶನದವರು ದಪ್ಪ ಪುಸ್ತಕ ತರುತ್ತಿದ್ದಾರೆ. ಅದರ ಬಣ್ಣದ ಕೆಲಸ ನನ್ನ ಪಾಲಿಗೆ ಬಂದಿದೆ. ಹಾಲು ಉಕ್ಕುವ ಮೊದಲು ನೀನು ಎರಡು ಮಾತು ಹೇಳಿದ್ದೀಯ. ದಾರಿ ತಪ್ಪಿದ ಅಜ್ಜಿಯ ಕಥೆ ಇರುವ ಸಂಚಿಕೆ ಅದರಲ್ಲಿ ಸೇರಬಾರದು, ಸೇರಿಸಲೇಬೇಕಾದರೆ ಬಣ್ಣ ಸರಿಮಾಡಿ ಸೇರಿಸಬೇಕು. ಮತ್ತೆ, ನಿನ್ನ ಹೆಸರು ಪುಸ್ತಕದ ಯಾವ ಮೂಲೆಯಲ್ಲೂ ಬರಬಾರದು. ಎರಡಕ್ಕೂ ನಾನು ಒಪ್ಪುವುದಿಲ್ಲ. ಯಾಕೆಂದು ಹೇಳುತ್ತೇನೆ, ಒಲೆ ಆರಿಸಿ ಬಂದು ಕೂತುಕೋ.

ನಾನು ಚಿಕ್ಕವಳಿದ್ದಾಗ "ನಮ್ ಚಿಕ್ಕಮ್ಮ ಕಾಮಿಕ್ಸಿಗೆ ಬಣ್ಣ ಹಚ್ತಾಳೆ" ಎಂದು ಬೀದಿಯವರಿಗೆಲ್ಲ ಹೇಳಿಕೊಂಡು ಮೆರೆಯುತ್ತಿದ್ದೆ. ಒಂದು ದಿನ ಅಮ್ಮನ ಜೊತೆ ನಿನಗೆ ಊಟದ ಡಬ್ಬಿ ಕೊಡಲು ಪ್ರೆಸ್ಸಿಗೆ ಬಂದೆ. ಕೆಳಗೆ ಯಂತ್ರಗಳ ಸದ್ದು, ಮೇಲಿನ ಮಹಡಿಯಲ್ಲಿ ಹೆಂಗಸರ ಸಾಲು. ನಿನ್ನ ಮೇಜಿಗೆ ಮರದ ಹಲಗೆಯ ಬದಲು ಗಾಜು, ಗಾಜಿನ ಕೆಳಗೆ ದೀಪ. ಸುತ್ತಮುತ್ತ ಎಲ್ಲಿ ನೋಡಿದರೂ ಒಂದು ಕೆಂಪಿಲ್ಲ, ಒಂದು ಹಸಿರಿಲ್ಲ. ಒಂದು ಸೀಸೆ ಕಪ್ಪು, ಒಂದು ಸಣ್ಣ ಕುಂಚ, ಅಷ್ಟೇ. ಚಿಕ್ಕಮ್ಮ ಇಷ್ಟು ದಿನ ಸುಳ್ಳು ಹೇಳಿದಳು ಎಂದು ನಾನು ಮೆಟ್ಟಿಲ ಮೇಲೆ ಕೂತು ಅತ್ತಿದ್ದೆ.

ಆಗ ನೀನು ನನ್ನನ್ನು ಎತ್ತಿ ಗಾಜಿನ ಮುಂದೆ ಕೂರಿಸಿಕೊಂಡೆ. ಬೀಗದಜ್ಜಿಯನ್ನು ಹುಟ್ಟಿಸಿದ ಡ್ರಾಯಿಂಗ್ ಮೇಷ್ಟ್ರು ಬರೆದ ಚಿತ್ರದ ಮೇಲೆ ಒಂದೊಂದೇ ಪಾರದರ್ಶಕ ಹಾಳೆ ಇಟ್ಟು ತೋರಿಸಿದೆ. ಒಂದು ಹಾಳೆ ಹಳದಿಗೆ, ಒಂದು ಕೆಂಪಿಗೆ, ಒಂದು ನೀಲಿಗೆ. ಆದರೆ ಮೂರರಲ್ಲೂ ಹಚ್ಚುವುದು ಕಪ್ಪೇ. ಎಲ್ಲಿ ಕಪ್ಪಿದೆಯೋ ಅಲ್ಲಿ ಅಚ್ಚಾಗುವಾಗ ಆ ಹಾಳೆಯ ಬಣ್ಣ ಬೀಳುತ್ತದೆ. ಯಾವ ಹಾಳೆ ಯಾವ ಬಣ್ಣದ್ದು ಎನ್ನುವುದು ಮೂಲೆಯಲ್ಲಿ ನೀನು ಹಾಕುವ ಗುರುತಿನಿಂದಷ್ಟೇ ಕೆಳಗಿನ ಯಂತ್ರದವರಿಗೆ ಗೊತ್ತಾಗುತ್ತಿತ್ತು. "ಇಲ್ಲಿ ಅಜ್ಜಿ ಸೀರೆ ಕೆಂಪು, ಇಲ್ಲಿ ಗೋಡೆ ಹಸಿರು, ಕಾಣ್ತಿದ್ಯಾ?" ಎಂದು ಕೇಳಿದೆ. ನನಗೆ ಬರೀ ಕಪ್ಪು ಕಾಣುತ್ತಿತ್ತು, ಆದರೂ ಹೂಂ ಎಂದೆ. ನಿನಗೆ ನಿಜವಾಗಿಯೂ ಕಾಣುತ್ತಿತ್ತು ಚಿಕ್ಕಮ್ಮ. ಈಗ ಕಂಪ್ಯೂಟರಿನ ಮುಂದೆ ಕೂತು, ಬಣ್ಣ ಹಾಕಿದ ಕ್ಷಣವೇ ಕಣ್ಣೆದುರು ನೋಡುತ್ತಾ ಕೆಲಸ ಮಾಡುವ ನನಗೆ, ನೀನು ಏನು ಮಾಡುತ್ತಿದ್ದೆ ಎನ್ನುವುದು ಅರ್ಥವಾಗಲು ಇಷ್ಟು ವರ್ಷ ಬೇಕಾಯಿತು.

ನಿನಗೆ ಗೊತ್ತಾ, ಈ ಕೆಲಸಕ್ಕಾಗಿ ಕಾಮಿಕ್ಸು ಹುಡುಕುವುದೇ ದೊಡ್ಡ ಪಾಡಾಯಿತು. ಪ್ರೆಸ್ ಮುಚ್ಚಿದಾಗ ನಿಮ್ಮ ಪಾರದರ್ಶಕ ಹಾಳೆಗಳೆಲ್ಲ ಎಲ್ಲಿ ಹೋದವೋ ಯಾರಿಗೂ ಗೊತ್ತಿಲ್ಲ. ದೊಡ್ಡ ಲೈಬ್ರರಿಗೆ ಹೋದೆ. ಅಲ್ಲಿಯವರು ಕನ್ನಡಕದ ಮೇಲಿಂದ ನೋಡಿ, "ಕಾಮಿಕ್ಸಾ? ಅದನ್ನೆಲ್ಲ ನಾವು ಇಡಲ್ಲಮ್ಮ, ಮಕ್ಕಳು ಹರಿದುಹಾಕಿಬಿಡ್ತಾರೆ" ಎಂದರು. ಅವರ ಬೆನ್ನ ಹಿಂದೆ ಒಂದು ಗೋಡೆ ತುಂಬ ದಪ್ಪ ದಪ್ಪ ಸಂಪುಟಗಳಿದ್ದವು, ಒಂದೂ ಹರಿದಿರಲಿಲ್ಲ. ಮುಟ್ಟಿದರೆ ತಾನೇ ಹರಿಯುವುದು! ಪರದೇಶದ ಹಳೆಯ ಕಾಮಿಕ್ಸುಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಪೂಜೆ ಮಾಡುವವರನ್ನೂ ಹುಡುಕಿಕೊಂಡು ಹೋದೆ. ಬೀಗದಜ್ಜಿ ಎಂದರೆ ಯಾರು ಎಂದು ಅವರು ನನ್ನನ್ನೇ ಕೇಳಿದರು. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಸುಳ್ಳಲ್ಲ. ಗುದ್ದಾಟವಿಲ್ಲ, ಬಂದೂಕಿಲ್ಲ. ಕಿವಿಯನ್ನು ಬೀಗಕ್ಕೆ ಹಚ್ಚಿ ಕೇಳಿ ಬಾಗಿಲು ತೆಗೆಯುವ ಒಬ್ಬ ಮುದುಕಿ, ತೆಗೆಯುವ ಮೊದಲು "ಇದು ಯಾರ ಮನೆ? ಅವರನ್ನ ಕೇಳಿದೀರಾ?" ಎಂದು ವಿಚಾರಿಸುವವಳು. ಇಂಥ ನಾಯಕಿಯನ್ನು ಬೇರೆ ಯಾರು ಬರೆದಿದ್ದರು ಹೇಳು. ಇಂಥದ್ದನ್ನು ಮೂಲೆಗೆ ತಳ್ಳಿದ್ದಾರಲ್ಲ ಎಂದು ನನಗೆ ಮೈ ಉರಿಯಿತು. ಆವತ್ತೇ ತೀರ್ಮಾನ ಮಾಡಿದೆ, ಈ ಪುಸ್ತಕ ಬರಲೇಬೇಕು ಎಂದು.

ಕೊನೆಗೆ ಸಿಕ್ಕಿದ್ದು ಒಂದು ಕಟಿಂಗ್ ಶಾಪಿನಲ್ಲಿ. ಕನ್ನಡಿಗಳ ಕೆಳಗಿನ ಗೂಡಿನಲ್ಲಿ ಬೀಗದಜ್ಜಿಯ ಸಂಚಿಕೆಗಳನ್ನೆಲ್ಲ ದಾರದಲ್ಲಿ ಹೊಲಿದು ಇಟ್ಟಿದ್ದರು. ಅಂಗಡಿಯವರ ಅಪ್ಪ, ಸರದಿಗೆ ಕಾಯುವವರು ಬೇಸರಪಟ್ಟು ಪಕ್ಕದ ಅಂಗಡಿಗೆ ಹೋಗದಿರಲಿ ಎಂದು ತರಿಸುತ್ತಿದ್ದರಂತೆ. ಪುಟಗಳ ಅಂಚು ಮೆತ್ತಗಾಗಿದೆ, ಅಲ್ಲಲ್ಲಿ ಕೂದಲಿನ ಚೂರು, ಸೋಪಿನ ಕಲೆ. ಆ ಕಟ್ಟಿನಲ್ಲಿ ಉಳಿದೆಲ್ಲಕ್ಕಿಂತ ಹೆಚ್ಚು ಸವೆದಿದ್ದು ಯಾವುದು ಗೊತ್ತಾ? ನೀನು ಬೇಡ ಅನ್ನುತ್ತಿರುವ ಸಂಚಿಕೆ. ಅದರ ಬೆನ್ನಿಗೆ ಮತ್ತೆ ಮತ್ತೆ ಬಟ್ಟೆ ಅಂಟಿಸಿದ್ದಾರೆ.

ಆ ಸಂಚಿಕೆಯಲ್ಲಿ ಏನಾಯಿತು ಎನ್ನುವುದನ್ನು ನೀನು ಎಂದೂ ಹೇಳಲಿಲ್ಲ, ಅಮ್ಮ ಹೇಳಿದಳು. ನಡುವಿನ ಫಾರಂ, ಅಂದರೆ ಮಧ್ಯದ ಹದಿನಾರು ಪುಟ. ಅದರ ಹಾಳೆಗಳ ಮೂಲೆಯಲ್ಲಿ ಗುರುತು ಹಾಕುವಾಗ ನೀನು ಹಳದಿಯದಕ್ಕೆ ನೀಲಿ ಎಂದೂ ನೀಲಿಯದಕ್ಕೆ ಹಳದಿ ಎಂದೂ ಹಾಕಿಬಿಟ್ಟೆ. ಯಂತ್ರದವರು ಗುರುತನ್ನು ನಂಬಿದರು. ಸಾವಿರಗಟ್ಟಲೆ ಪ್ರತಿ ಅಚ್ಚಾಗಿ, ಮಡಚಿ, ಪಿನ್ನು ಹೊಡೆದು ಅಂಗಡಿಗೆ ಹೋದ ಮೇಲೆ ಗೊತ್ತಾಯಿತು, ಆಕಾಶ ಹಳದಿ, ಜನರ ಮುಖವೆಲ್ಲ ನೇರಳೆ. ಮಾಲೀಕ ನಿನ್ನನ್ನು ಮೆಟ್ಟಿಲ ಬುಡದಲ್ಲಿ ನಿಲ್ಲಿಸಿ ಎಲ್ಲರ ಎದುರು "ಕಣ್ಣಿಗೇನು ಬಂದಿದೆ ನಿನಗೆ?" ಎಂದು ಕೂಗಾಡಿದ. ನೀನು ಮೇಲೆ ಹೋಗಿ ಕುಂಚ ತೊಳೆದಿಟ್ಟು ಮನೆಗೆ ಬಂದೆ. ಮತ್ತೆ ಹೋಗಲಿಲ್ಲ. ನಿನ್ನ ಉಳಿದ ದುಡಿಮೆಯೆಲ್ಲ ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಬಟ್ಟೆಗೆ ನಂಬರಿನ ಚೀಟಿ ಹೊಲಿಯುವುದರಲ್ಲಿ ಕಳೆಯಿತು. ಒಬ್ಬರ ಕೋಟು ಇನ್ನೊಬ್ಬರ ಮನೆಗೆ ಒಮ್ಮೆಯೂ ಹೋಗಲಿಲ್ಲವಂತೆ. ಅದನ್ನು ಅಮ್ಮ ಹೆಮ್ಮೆಯಿಂದ ಹೇಳುತ್ತಾಳೆ, ನಾನು ಮಾತ್ರ ಕೇಳಿದಾಗಲೆಲ್ಲ ಎದ್ದು ಒಳಗೆ ಹೋಗುತ್ತೇನೆ.

ನಿನ್ನನ್ನು ಸಮಾಧಾನ ಮಾಡಲು ತಪ್ಪು ನಿನ್ನದಲ್ಲ ಎಂದು ನಾನು ಬರೆಯುವುದಿಲ್ಲ. ತಪ್ಪು ನಿನ್ನದೇ. ಆತುರದಲ್ಲಿ ಆಯಿತೋ, ಮಾತಿನ ಮಧ್ಯೆ ಆಯಿತೋ, ಆಯಿತು. ನಡೆಯುವವರು ಎಡವದೆ ಕೂತವರು ಎಡವುತ್ತಾರೆಯೇ? ಆದರೆ ಆ ತಪ್ಪು ಅಂಗಡಿಗೆ ಹೋದ ಮೇಲೆ ಅದಕ್ಕೆ ಏನಾಯಿತು ಎಂದು ನೀನು ಒಂದು ದಿನವೂ ಹೋಗಿ ನೋಡಲಿಲ್ಲ. ನಾನು ನೋಡಿ ಬಂದಿದ್ದೇನೆ, ಕೇಳು.

ಆ ಕಥೆಯಲ್ಲಿ ಎಲ್ಲರ ಮನೆಯ ಬಾಗಿಲು ತೆಗೆದುಕೊಡುವ ಅಜ್ಜಿಗೆ ತನ್ನ ಮನೆ ಯಾವುದೆಂದೇ ಮರೆತುಹೋಗುತ್ತದೆ, ನೆನಪಿದೆಯಾ? ಬೀದಿ ಬೀದಿ ಅಲೆಯುತ್ತಾಳೆ. ಅವಳು ಮರೆಯುವ ಹೊತ್ತಿಗೆ ನಿನ್ನ ಫಾರಂ ಶುರುವಾಗುತ್ತದೆ. ಮನೆ ಕಣ್ಣಿಗೆ ಬೀಳುವ ಹೊತ್ತಿಗೆ ಮುಗಿಯುತ್ತದೆ. ಕಟಿಂಗ್ ಶಾಪಿನವರು ಕೈಯಲ್ಲಿದ್ದ ಕತ್ತರಿ ಬದಿಗಿಟ್ಟು, ಗಿರಾಕಿಯನ್ನು ಅರ್ಧ ತಲೆಯಲ್ಲಿ ಕೂರಿಸಿ, ನನಗೆ ಆ ಪುಟಗಳನ್ನು ತಿರುವಿ ತೋರಿಸಿದರು. "ನೋಡಿ ಮೇಡಂ, ಅಜ್ಜಿಗೆ ಎಲ್ಲಾ ಮರ್ತು ಹೋದಾಗ ಆಕಾಶನೇ ಬೇರೆ ಆಗತ್ತೆ. ಗುರುತಿರೋ ಮುಖನೂ ಗುರುತು ಸಿಗಲ್ಲ. ಆದ್ರೆ ಮರ ನೋಡಿ, ಮರ ಒಂದೇ ಹಸಿರಾಗೇ ಇರತ್ತೆ. ಆ ಮರಗಳನ್ನ ಹಿಡ್ಕೊಂಡೇ ಅಜ್ಜಿ ಮನೆ ಸೇರೋದು. ಚಿಕ್ಕೋನಿದ್ದಾಗ ಇದನ್ನ ಎಷ್ಟು ಸಲ ಓದಿದೀನೋ. ನಮ್ಮಪ್ಪನಿಗೆ ಕೊನೇಲಿ ಹಿಂಗೇ ಆಯ್ತು, ನನ್ನೇ ಯಾರು ಅಂತ ಕೇಳೋರು. ಆಗ ನಂಗೆ ಇದೇ ನೆನಪಾಗ್ತಿತ್ತು, ಪಾಪ ಅವರಿಗೆ ಆಕಾಶ ಹಳದಿ ಕಾಣ್ತಿದೆ ಅಂತ. ಇದಕ್ಕೆ ಬಣ್ಣ ಹಾಕಿದೋರು ಯಾರು ಮೇಡಂ? ದೊಡ್ಡ ಮನಸ್ಸಿನೋರು."

ಮರ ಯಾಕೆ ಹಸಿರಾಗೇ ಉಳಿಯಿತು ಎಂದು ನಿನಗೂ ಗೊತ್ತು, ನನಗೂ ಗೊತ್ತು. ಹಸಿರಿಗೆ ಹಳದಿ ನೀಲಿ ಎರಡೂ ಬೇಕು, ಅದಲುಬದಲಾದರೂ ಸೇರಿದರೆ ಹಸಿರೇ. ಅವರಿಗೆ ಅದನ್ನು ಹೇಳಲು ಬಾಯಿ ತೆರೆದೆ, ಆಗಲಿಲ್ಲ. ಕುರ್ಚಿಯಲ್ಲಿದ್ದ ಗಿರಾಕಿಯೂ ಕುತ್ತಿಗೆಗೆ ಬಟ್ಟೆ ಕಟ್ಟಿಸಿಕೊಂಡೇ ಬಗ್ಗಿ ನೋಡುತ್ತಿದ್ದರು. ಬಣ್ಣ ಹಾಕಿದವರು ನಮ್ಮ ಚಿಕ್ಕಮ್ಮ ಎಂದಷ್ಟೇ ಹೇಳಿದೆ.

ನಮ್ಮ ಯಜಮಾನಿ, ಪ್ರಕಾಶನ ನಡೆಸುವವರು, ಮೊದಲು ನಿನ್ನ ಹಾಗೆಯೇ ಹೇಳಿದರು. "ಕಂಪ್ಯೂಟರಲ್ಲಿ ಎರಡು ಬಣ್ಣ ಅದಲು ಬದಲು ಮಾಡಿದ್ರೆ ಮುಗೀತಲ್ಲ, ಯಾಕೆ ಒದ್ದಾಡ್ತೀಯಾ?" ನಿಜ, ಕಣ್ಣು ಮಿಟುಕಿಸುವಷ್ಟರ ಕೆಲಸ. ಮಾಡಿಯೂ ನೋಡಿದೆ. ಆಕಾಶ ನೀಲಿಯಾಯಿತು, ಮುಖಗಳು ಮುಖದ ಬಣ್ಣಕ್ಕೆ ಬಂದವು, ಎಲ್ಲ ಅಚ್ಚುಕಟ್ಟು. ಅಜ್ಜಿ ಮಾತ್ರ ತರಕಾರಿ ತರಲು ಹೊರಟವಳ ಹಾಗೆ ಕಾಣುತ್ತಿದ್ದಳು. ಎರಡನ್ನೂ ಪಕ್ಕಪಕ್ಕ ಇಟ್ಟು ಯಜಮಾನಿಗೆ ತೋರಿಸಿದೆ. ಸಂಬಳ ಕೊಡುವವರೊಂದಿಗೆ ಅಷ್ಟು ಜೋರಾಗಿ ನಾನು ಹಿಂದೆಂದೂ ಮಾತಾಡಿರಲಿಲ್ಲ. ಅವರು ಬಹಳ ಹೊತ್ತು ನೋಡಿ, "ಹಳದಿನೇ ಇರಲಿ. ಆದ್ರೆ ಬಣ್ಣ ಹಾಕಿದೋರು ಬದುಕಿದಾರಲ್ಲ, ಅವರು ಬೇಡ ಅಂದ್ರೆ ನಾನು ಹಾಕಲ್ಲ" ಎಂದರು. ಮೇಷ್ಟ್ರ ಮಗಳು ತನ್ನ ಅಪ್ಪನ ಕಡೆಯಿಂದ ಎಲ್ಲದಕ್ಕೂ ಒಪ್ಪಿಗೆ ಕೊಟ್ಟಾಗಿದೆ. ಈಗ ಬಾಕಿ ಇರುವುದು ನೀನೊಬ್ಬಳೇ.

ಕಣ್ಣಿನ ಆಪರೇಷನ್ ಆಗಿದೆ, ಸಣ್ಣದೆಲ್ಲ ಕಾಣುವುದಿಲ್ಲ ಎಂದು ಹೇಳಬೇಡ. ಎದುರುಮನೆಯ ತಾರಸಿಯಲ್ಲಿ ಯಾರ ಟವೆಲ್ ಒಣಗುತ್ತಿದೆ ಎಂದು ಅಮ್ಮನಿಗೆ ಫೋನಿನಲ್ಲಿ ವರದಿ ಕೊಟ್ಟಿದ್ದು ನನಗೆ ಗೊತ್ತಾಗಿದೆ.

ಬರುವ ಗುರುವಾರ ಬೆಳಿಗ್ಗೆ ಆ ಫಾರಂ ಯಂತ್ರಕ್ಕೆ ಏರುತ್ತದೆ. ಈಗಿನ ಪ್ರೆಸ್ಸಿನಲ್ಲಿ ಒಂದು ಪದ್ಧತಿ ಇದೆ. ಮೊದಲು ಒಂದಿಷ್ಟು ಹಾಳೆ ಓಡಿಸಿ, ಬಣ್ಣ ಹದಕ್ಕೆ ಬಂದ ಒಂದು ಹಾಳೆಯನ್ನು ತೆಗೆದು ಮೇಜಿನ ಮೇಲೆ ಹರಡುತ್ತಾರೆ. ಬಣ್ಣದ ಜವಾಬ್ದಾರಿ ಹೊತ್ತವರು ಅದನ್ನು ನೋಡಿ ಸಹಿ ಹಾಕಬೇಕು. ಸಹಿ ಬೀಳದೆ ಯಂತ್ರ ಮುಂದಕ್ಕೆ ಹೋಗುವುದಿಲ್ಲ. ಉಳಿದೆಲ್ಲ ಹಾಳೆಗೂ ನಾನೇ ಸಹಿ ಹಾಕಿದ್ದೇನೆ. ಈ ಒಂದಕ್ಕೆ ಹಾಕುವುದಿಲ್ಲ ಎಂದು ಯಂತ್ರದವನಿಗೆ ಹೇಳಿಬಿಟ್ಟೆ. "ಮತ್ಯಾರು ಹಾಕ್ತಾರೆ ಮೇಡಂ?" ಎಂದು ಕೇಳಿದ. ಬಣ್ಣ ಹಾಕಿದವರು ಬಂದು ಹಾಕುತ್ತಾರೆ, ಅಲ್ಲಿಯವರೆಗೆ ನಿಲ್ಲಿಸಿಕೊಂಡಿರು ಎಂದೆ. ನನ್ನನ್ನು ಅವನು ಹುಚ್ಚಿ ಅಂದುಕೊಂಡಿರಬೇಕು.

ನಿನ್ನ ಕಾಲದಲ್ಲಿ ಮೇಲಿನ ಮಹಡಿಯ ಹೆಂಗಸರನ್ನು ಯಂತ್ರದ ಹತ್ತಿರ ಬಿಡುತ್ತಿರಲಿಲ್ಲ. ನೀನು ಹಚ್ಚಿದ ಕಪ್ಪು ಕೆಂಪಾಗಿ, ನೀಲಿಯಾಗಿ, ಹಳದಿಯಾಗಿ ಹಾಳೆಯ ಮೇಲೆ ಬಂದು ಬೀಳುವುದನ್ನು ನೀನು ನಿಂತು ನೋಡಿದ್ದೇ ಇಲ್ಲ. ಬಾ, ನೋಡು. ಒಂದು ಹಾಳೆಯ ಮುಂದೆ ನಿಲ್ಲು, ಅಷ್ಟೇ ನಾನು ಕೇಳುವುದು. ನೋಡಿದ ಮೇಲೂ ಬೇಡ ಅನಿಸಿದರೆ ಅಡ್ಡಗೆರೆ ಎಳೆದುಬಿಡು. ಆ ಕ್ಷಣವೇ ಆ ಪುಟಗಳ ಅಚ್ಚಿನ ಪ್ಲೇಟನ್ನು ಯಂತ್ರದಿಂದ ಇಳಿಸುತ್ತೇನೆ, ಒಂದು ಮಾತೂ ಆಡದೆ ನಿನ್ನನ್ನು ಬಸ್ಸಿಗೆ ಹತ್ತಿಸಿ ಬರುತ್ತೇನೆ. ಆದರೆ ನೋಡದೆ ಬೇಡ ಅನ್ನಲು ನಿನ್ನನ್ನೂ ಬಿಡುವುದಿಲ್ಲ.

ಸಹಿ ಹಾಕುವುದಾದರೆ ಗೀಚಬೇಡ. ಪೂರ್ತಿ ಹೆಸರನ್ನು, ಬಿಡಿಸಿ, ಓದುವ ಹಾಗೆ ಬರೆ. ಪುಸ್ತಕದ ಮೊದಲ ಪುಟದಲ್ಲಿ ಮೇಷ್ಟ್ರ ಹೆಸರಿನ ಪಕ್ಕದಲ್ಲಿ ಅಚ್ಚಾಗುವುದು ಅದೇ, ನಿನ್ನ ಕೈಬರಹದಲ್ಲೇ.

ಬಸ್ಸು ಇಳಿದ ಕೂಡಲೇ ಫೋನ್ ಮಾಡು, ನಾನೇ ಬಂದು ಕರೆದುಕೊಂಡು ಹೋಗುತ್ತೇನೆ. ನಿನ್ನ ಕಣ್ಣಿಗೆ ಇನ್ನೂ ಬಹಳ ವರ್ಷ ನೋಡುವ ಭಾಗ್ಯವಿರಲಿ, ನಿನ್ನ ಬೈಗುಳ ನನ್ನ ತಲೆಯ ಮೇಲೆ ಹೀಗೇ ಇರಲಿ. ಪೆನ್ನು ನಾನು ತಂದಿರುತ್ತೇನೆ, ಕನ್ನಡಕ ನೀನು ಮರೆಯಬೇಡ.

ಗುರುವಾರ ಯಂತ್ರ ನಿಲ್ಲಿಸಿಕೊಂಡು ಕಾಯುವ,
ನಿನ್ನ ಅಕ್ಕನ ಮಗಳು